ಲೇಖಕರ ಮಾತು, ಓದುಗರ ಕೆಲಸ: ಜಾನ್ ಗ್ರೀನ್ ಮತ್ತು ಅವರ ಹದಿಹರೆಯದ ಓದುಗ ಬಳಗ

ಹದಿಹರೆಯದವರಿಗಾಗಿ ಬರೆಯುವ ಲೇಖಕರನ್ನು ಶಾಲಾ ವಿದ್ಯಾರ್ಥಿಗಳೊಂದಿಗೆ ಅಂತರ್ಜಾಲದಲ್ಲಿ ಮುಖಾಮುಖಿಯಾಗಿಸಬೇಕೆಂಬ ಮಾತು ಬಂದಾಗ ಅಧ್ಯಾಪಕರೂ ಗ್ರಂಥಪಾಲಕರೂ ಮೊದಲು ಚಿಂತಿಸುವುದು ಲೇಖಕರ ಬಿಡುವನ್ನು ಹೇಗೆ ಹೊಂದಿಸಿಕೊಳ್ಳುವುದೆಂದು. ಒಂದು ಗಂಟೆಯ ಜೂಮ್ ಸಂವಾದಕ್ಕೆ ಲೇಖಕರು ಒಪ್ಪಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತೆಂಬುದು ಸಾಮಾನ್ಯ ಎಣಿಕೆ. ಅಮೆರಿಕದ ಕಾದಂಬರಿಕಾರ ಜಾನ್ ಗ್ರೀನ್ ಮತ್ತು ಅವರ ಓದುಗರ ನಡುವೆ 2007ರಿಂದ ಬೆಳೆದುಬಂದ ಸಂಬಂಧವನ್ನು ವಿವರವಾಗಿ ನೋಡಿದಾಗ ಈ ಎಣಿಕೆ ನಿಲ್ಲುವುದಿಲ್ಲ. ಈ ಕ್ಷೇತ್ರದಲ್ಲಿ ಇಷ್ಟು ದೀರ್ಘವಾಗಿ, ಇಷ್ಟು ಬಹಿರಂಗವಾಗಿ ನಡೆದ ಇನ್ನೊಂದು ಪ್ರಯೋಗ ಸಿಗುವುದು ಕಷ್ಟ. ಅದರ ಗೆಲುವುಗಳೂ ಪೆಟ್ಟುಗಳೂ ಎಲ್ಲರ ಕಣ್ಣೆದುರೇ ಆದವು. ಲೇಖಕರು ಓದುಗರ ಕೈಗೆ ಏನಾದರೂ ಕೆಲಸ ಕೊಟ್ಟಾಗ ಆ ಸಂಬಂಧ ಗಟ್ಟಿಯಾಯಿತು, ಬರಿಯ ಸಾಮೀಪ್ಯವನ್ನು ಕೊಟ್ಟಾಗ ಹದಗೆಟ್ಟಿತು ಎಂಬುದು ಈ ಪ್ರಕರಣದಿಂದ ನನಗೆ ಕಂಡದ್ದು. ಮುಂದಿನ ವಿವರಗಳನ್ನು ಆ ದೃಷ್ಟಿಯಿಂದ ಜೋಡಿಸಿದ್ದೇನೆ.

ಹಿನ್ನೆಲೆ

ಜಾನ್ ಗ್ರೀನ್ ಹುಟ್ಟಿದ್ದು 1977ರಲ್ಲಿ. ಕಾಲೇಜು ಮುಗಿಸಿದ ಮೇಲೆ ಓಹಾಯೊ ರಾಜ್ಯದ ಕೊಲಂಬಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲವು ತಿಂಗಳು ವಿದ್ಯಾರ್ಥಿ ಪಾದ್ರಿಯಾಗಿದ್ದು, ಬಳಿಕ ಶಿಕಾಗೊದಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ವಿಮರ್ಶಾ ಪತ್ರಿಕೆಯಾದ 'ಬುಕ್‌ಲಿಸ್ಟ್'ನಲ್ಲಿ ಕೆಲಸ ಮಾಡಿದರು. ವಸತಿ ಶಾಲೆಯೊಂದರ ಹುಡುಗ ಹುಡುಗಿಯರ ಸ್ನೇಹ ಮತ್ತು ಸಾವಿನ ಕಥೆಯಿರುವ ಅವರ ಮೊದಲ ಕಾದಂಬರಿ 'ಲುಕಿಂಗ್ ಫಾರ್ ಅಲಾಸ್ಕಾ' 2005ರಲ್ಲಿ ಹೊರಬಂದು, ಮರುವರ್ಷ ಹದಿಹರೆಯದ ಸಾಹಿತ್ಯಕ್ಕೆ ಸಲ್ಲುವ ಪ್ರಿಂಟ್ಜ್ ಪ್ರಶಸ್ತಿಯನ್ನು ಪಡೆಯಿತು. ಇಂಥ ಪ್ರಶಸ್ತಿ ಬಂದ ಪುಸ್ತಕವನ್ನು ಗ್ರಂಥಪಾಲಕರು ಕೊಳ್ಳುತ್ತಾರೆ, ಅಧ್ಯಾಪಕರು ಓದುತ್ತಾರೆ. ಹದಿನಾರರ ಓದುಗ ಮಾತ್ರ ಲೇಖಕರನ್ನು ಕಾಣಬೇಕಾದರೆ ಪ್ರಕಾಶಕರ ವಿಳಾಸಕ್ಕೆ ಕಾಗದ ಬರೆದು ಕಾಯಬೇಕಿತ್ತು, ಇಲ್ಲವೇ ತನ್ನ ಊರಿನ ಪುಸ್ತಕದಂಗಡಿಗೆ ಲೇಖಕರು ಬರುವ ಭಾಗ್ಯಕ್ಕಾಗಿ ಹಾರೈಸಬೇಕಿತ್ತು.

2007ರ ಜನವರಿ 1ರಂದು ಜಾನ್ ಮತ್ತು ಅವರ ತಮ್ಮ ಹ್ಯಾಂಕ್ ಗ್ರೀನ್ ಯೂಟ್ಯೂಬಿನಲ್ಲಿ 'ಬ್ರದರ್‌ಹುಡ್ 2.0' ಎಂಬ ಹೆಸರಿನಲ್ಲಿ ಒಂದು ವರ್ಷದ ಕಟ್ಟುಪಾಡನ್ನು ಹಾಕಿಕೊಂಡರು. ಅಣ್ಣ ಪೂರ್ವ ಕರಾವಳಿಯ ನ್ಯೂಯಾರ್ಕಿನಲ್ಲಿ, ತಮ್ಮ ಪಶ್ಚಿಮದ ಮೊಂಟಾನಾ ರಾಜ್ಯದ ಮಿಸೂಲಾದಲ್ಲಿ. ಇಡೀ ವರ್ಷ ಇಬ್ಬರೂ ಪರಸ್ಪರ ಇಮೇಲ್ ಆಗಲಿ, ಸಂದೇಶವಾಗಲಿ, ಬರಹದ ಯಾವುದೇ ರೂಪವಾಗಲಿ ಕಳಿಸುವಂತಿಲ್ಲ. ವಾರದ ಐದು ಕೆಲಸದ ದಿನಗಳಲ್ಲಿ ಸರದಿಯ ಮೇಲೆ ಒಬ್ಬರಿಗೊಬ್ಬರು ವಿಡಿಯೊ ಮಾಡಿ ಹಾಕಬೇಕು. ದಿನ ತಪ್ಪಿದರೆ ಅಥವಾ ನಾಲ್ಕು ನಿಮಿಷ ಮೀರಿದರೆ ದಂಡ. ದಂಡವನ್ನು ಬರಬರುತ್ತಾ ವೀಕ್ಷಕರೇ ಸೂಚಿಸತೊಡಗಿದರು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆ ಮಾತುಗಳು ಓದುಗರನ್ನುದ್ದೇಶಿಸಿ ಆಡಿದವಾಗಿರಲಿಲ್ಲ. ಪ್ರತಿ ವಿಡಿಯೊ 'ಶುಭೋದಯ ಹ್ಯಾಂಕ್' ಎಂದೋ 'ಶುಭೋದಯ ಜಾನ್' ಎಂದೋ ಆರಂಭವಾಗುತ್ತಿತ್ತು. ಜಗಲಿಯ ಮೇಲೆ ಅಣ್ಣತಮ್ಮಂದಿರು ಹರಟುತ್ತಿರುವಾಗ ಕಂಬಕ್ಕೊರಗಿ ನಿಂತ ಮಕ್ಕಳಿಗೆ ಅಲ್ಲಿಂದ ಕದಲಲು ಮನಸ್ಸಾಗದಂತೆ, ಸಾವಿರಾರು ಹದಿಹರೆಯದವರು ಆ ಹರಟೆಗೆ ಕಿವಿಗೊಟ್ಟರು. ಲೇಖಕರು 'ಮಕ್ಕಳೇ' ಎಂದು ಸಂಬೋಧಿಸಿ ಉಪದೇಶಕ್ಕಿಳಿದಿದ್ದರೆ ಈ ವಯಸ್ಸಿನವರು ಒಂದು ವಾರದಲ್ಲೇ ಬಿಟ್ಟುಹೋಗುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕೇಳಿಸಿಕೊಳ್ಳುವವರಿಗೆ ಇಲ್ಲಿ ಪೂರ್ಣ ಸ್ವಾತಂತ್ರ್ಯವಿತ್ತು: ನಗಬಹುದು, ಸುಮ್ಮನಿರಬಹುದು, ಮಾತು ಸೇರಿಸಲೂಬಹುದು. ಜೊತೆಗೆ, ನಾಳೆಯೂ ಒಂದು ವಿಡಿಯೊ ಬರುತ್ತದೆಂಬ ಭರವಸೆಯಿತ್ತು. ಒಂದು ದಿನದ ಅತಿಥಿಯಾಗಿ ಬಂದುಹೋಗುವ ಲೇಖಕರಿಂದ ಹುಟ್ಟಲಾರದ ಪರಿಚಯ ಈ ನಿಯತತೆಯಿಂದ ಹುಟ್ಟಿತು.

ಆ ವರ್ಷದ ಆರಂಭದಲ್ಲೇ ಬಳಗಕ್ಕೆ ಹೆಸರೂ ಬಂತು. ವಿಮಾನ ನಿಲ್ದಾಣವೊಂದರಲ್ಲಿ 'ಏರೊ ಫೈಟರ್ಸ್' ಎಂಬ ಆಟದ ಯಂತ್ರದ ಹೆಸರನ್ನು ಜಾನ್ 'ನರ್ಡ್ ಫೈಟರ್ಸ್' ಎಂದು ತಪ್ಪಾಗಿ ಓದಿದರು. 'ನರ್ಡ್', ಅಂದರೆ ಪುಸ್ತಕದ ಹುಳು, ಎಂದು ಶಾಲೆಯಲ್ಲಿ ಹಾಸ್ಯಕ್ಕೊಳಗಾಗುವ ಹುಡುಗರು ಆ ಹೆಸರನ್ನು ಹೆಮ್ಮೆಯಿಂದ ತಮ್ಮದಾಗಿಸಿಕೊಂಡರು. ಅದೇ ಜುಲೈಯಲ್ಲಿ ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕದ ಬಿಡುಗಡೆಗೆ ಮುನ್ನ ಹ್ಯಾಂಕ್ ಅದರ ಕುರಿತು ಹಾಡಿದ ಹಾಡು ಯೂಟ್ಯೂಬಿನ ಮುಖಪುಟದಲ್ಲಿ ಕಾಣಿಸಿಕೊಂಡು ವೀಕ್ಷಕರ ಸಂಖ್ಯೆ ಏಕಾಏಕಿ ಏರಿತು. ಹೊಸದಾಗಿ ಬಂದವರಲ್ಲಿ ಹಲವರು ಜಾನ್ ಅವರ ಕಾದಂಬರಿಗಳನ್ನು ಓದಿದವರಲ್ಲ. ಇನ್ನಾರದೋ ಪುಸ್ತಕವನ್ನು ಕಾಯುತ್ತಿದ್ದವರು ಹಾಡಿನ ದಾರಿ ಹಿಡಿದು ಈ ಲೇಖಕರ ಬಳಿಗೆ ಬಂದರು. ವರ್ಷದ ಕೊನೆಗೆ, ಡಿಸೆಂಬರಿನಲ್ಲಿ, ಎಲ್ಲರೂ ಒಂದೇ ದಿನ ತಮಗಿಷ್ಟವಾದ ಸೇವಾ ಸಂಸ್ಥೆಯ ಬಗ್ಗೆ ವಿಡಿಯೊ ಮಾಡುವ 'ಪ್ರಾಜೆಕ್ಟ್ ಫಾರ್ ಆಸಮ್' ಎಂಬ ಕಾರ್ಯಕ್ರಮ ಆರಂಭವಾಯಿತು. ಅಲ್ಲಿಯವರೆಗೆ ನೋಡುವವರಾಗಿದ್ದವರು ಅಂದಿನಿಂದ ಮಾಡುವವರಾದರು.

ಡಿಪ್ಯೂ ಶಾಲೆಯ ಪ್ರಸಂಗ

2008ರ ಜನವರಿಯಲ್ಲಿ ಬಳಗಕ್ಕೆ ಮೊದಲ ನಿಜವಾದ ಪರೀಕ್ಷೆ ಎದುರಾಯಿತು. ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಬಳಿಯ ಡಿಪ್ಯೂ ಪ್ರೌಢಶಾಲೆಯಲ್ಲಿ ಇಬ್ಬರು ಅಧ್ಯಾಪಕರು ಹನ್ನೊಂದನೆಯ ತರಗತಿಗೆ 'ಲುಕಿಂಗ್ ಫಾರ್ ಅಲಾಸ್ಕಾ'ವನ್ನು ಪಾಠಕ್ಕಿಟ್ಟಿದ್ದರು. ಪುಸ್ತಕದಲ್ಲಿ ಲೈಂಗಿಕ ಸನ್ನಿವೇಶವೊಂದು ಬರುವುದರಿಂದ ಅವರು ಮುಂಚಿತವಾಗಿಯೇ ಪೋಷಕರಿಗೆ ಪತ್ರ ಬರೆದು ಒಪ್ಪಿಗೆಯ ಸಹಿ ಕೇಳಿದ್ದರು; ಒಪ್ಪದವರ ಮಕ್ಕಳಿಗೆ ಬೇರೆ ಪುಸ್ತಕದ ಏರ್ಪಾಡಿತ್ತು. ಆದರೂ ಕೆಲವರು ತಮ್ಮ ಮಗುವಿಗಷ್ಟೇ ಅಲ್ಲ, ಯಾರ ಮಗುವಿಗೂ ಆ ಪುಸ್ತಕ ಕೂಡದೆಂದು ಪಟ್ಟು ಹಿಡಿದರು. ವಿಷಯ ಶಾಲಾ ಮಂಡಳಿಯ ಮುಂದೆ ಹೋಯಿತು.

ಆ ತಿಂಗಳ ಕೊನೆಯಲ್ಲಿ ಜಾನ್ ಮಾಡಿದ ವಿಡಿಯೊ ಇಂದಿಗೂ ನೋಡುವಂತಿದೆ. ತಾನು ಅಶ್ಲೀಲ ಸಾಹಿತಿಯಲ್ಲವೆಂದು ಸಮರ್ಥಿಸಿಕೊಳ್ಳಬೇಕಾಗಿ ಬಂದ ಸಿಟ್ಟು ಅದರಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಅದರ ನಡುಭಾಗವಂತೂ ಒಂದು ಒಳ್ಳೆಯ ಸಾಹಿತ್ಯ ಪಾಠ. ಆಕ್ಷೇಪಕ್ಕೊಳಗಾದ ಸನ್ನಿವೇಶವನ್ನು ತಾವು ಬೇಕೆಂದೇ ಪೆದ್ದುಪೆದ್ದಾಗಿ, ಭಾವಶೂನ್ಯವಾಗಿ ಬರೆದದ್ದು ಏಕೆ, ಅದರ ಬೆನ್ನಿಗೇ ಬರುವ ಸನ್ನಿವೇಶದಲ್ಲಿ ದೈಹಿಕವಾಗಿ ಹೆಚ್ಚೇನೂ ನಡೆಯದಿದ್ದರೂ ಆತ್ಮೀಯತೆ ತುಂಬಿರುವುದು ಏಕೆ, ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದದೆ ಒಂದು ಪುಟವನ್ನು ಮಾತ್ರ ಹರಿದು ಸಭೆಯ ಮುಂದೆ ಹಿಡಿದರೆ ಅರ್ಥ ಹೇಗೆ ಕೆಡುತ್ತದೆ ಎಂಬುದನ್ನು ಅವರು ವಿವರಿಸಿದರು. ಕಾದಂಬರಿಯ ಎರಡು ದೃಶ್ಯಗಳ ಜೋಡಣೆಯೇ ಒಂದು ಮಾತು ಹೇಳಬಲ್ಲದೆಂಬುದನ್ನು ಹದಿನಾರರ ಹುಡುಗರಿಗೆ ತಿಳಿಸಲು ಇದಕ್ಕಿಂತ ಜೀವಂತ ಸಂದರ್ಭವನ್ನು ಯಾವ ಅಧ್ಯಾಪಕರೂ ಸೃಷ್ಟಿಸಲಾರರು. ಅನಂತರ ಅವರು ವೀಕ್ಷಕರಿಗೆ ಕೆಲಸ ಕೊಟ್ಟರು: ಶಾಲಾ ಮಂಡಳಿಗೆ ಪತ್ರ ಬರೆಯಿರಿ, ಹತ್ತಿರದವರಾದರೆ ಸಭೆಗೆ ಹೋಗಿ ಅಧ್ಯಾಪಕರ ಬೆಂಬಲಕ್ಕೆ ನಿಲ್ಲಿ.

ಮಂಡಳಿ ಸರ್ವಾನುಮತದಿಂದ ಪುಸ್ತಕವನ್ನು ಪಾಠದಲ್ಲಿ ಉಳಿಸಿಕೊಂಡಿತು. ಈ ಗೆಲುವನ್ನು ಅಂತರ್ಜಾಲ ಬಳಗದ ಖಾತೆಗೆ ಪೂರ್ತಿಯಾಗಿ ಬರೆಯುವುದು ಸರಿಯಾಗದು. ಪುಸ್ತಕದ ಪರವಾಗಿ ತೂಕ ಬಿದ್ದದ್ದು ಆ ಇಬ್ಬರು ಅಧ್ಯಾಪಕರು ಮೊದಲೇ ಬರೆದಿದ್ದ ಒಪ್ಪಿಗೆ ಪತ್ರದಿಂದ. ಅದು ಇಲ್ಲದಿದ್ದರೆ ಸಾವಿರ ಮೈಲಿ ದೂರದ ಹುಡುಗರ ಪತ್ರಗಳು ಮಂಡಳಿಯ ಸದಸ್ಯರನ್ನು ಕೆರಳಿಸುವ ಸಂಭವವೂ ಇತ್ತು. ಅಂತರ್ಜಾಲ ಮಾಡಿದ ಕೆಲಸ ಬೇರೆ: ಒಂದು ಊರಿನ ಸಭಾಂಗಣದಲ್ಲಿ ಒಂಟಿಯಾಗಿ ನಿಲ್ಲಬೇಕಿದ್ದ ಅಧ್ಯಾಪಕರ ಹಿಂದೆ, ಎಂದೂ ಯಾರೂ ಅಭಿಪ್ರಾಯ ಕೇಳದ ಓದುಗರನ್ನು ತಂದು ನಿಲ್ಲಿಸಿತು. ತಮಗಾಗಿ ಬರೆದ ಪುಸ್ತಕ ತಮಗೆ ತಕ್ಕದ್ದೋ ಅಲ್ಲವೋ ಎಂಬ ಚರ್ಚೆಯಲ್ಲಿ ಆ ವಯಸ್ಸಿನವರ ಮಾತು ದಾಖಲೆಗೆ ಹೋದದ್ದು ಸಣ್ಣ ಸಂಗತಿಯಲ್ಲ. ಆಕ್ಷೇಪಗಳೇನೂ ಅಲ್ಲಿಗೆ ನಿಲ್ಲಲಿಲ್ಲವೆನ್ನಿ. ಅಮೆರಿಕದ ಗ್ರಂಥಾಲಯ ಸಂಘದ 2015ರ ಪಟ್ಟಿಯಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೊಳಗಾದ ಪುಸ್ತಕವಾಗಿ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು.

ಓದುಗರು ಓದುಗರಿಗೆ

ಲೇಖಕರ ಸುತ್ತ ನೆರೆದವರು ಬೇಗನೆ ಲೇಖಕರನ್ನು ದಾಟಿ ಪರಸ್ಪರ ಗೆಳೆಯರಾದರು. ಮ್ಯಾಸಚೂಸೆಟ್ಸಿನ ಎಸ್ತರ್ ಅರ್ಲ್ ಎಂಬ ಹುಡುಗಿಯ ಕಥೆ ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. ಹನ್ನೆರಡನೆಯ ವಯಸ್ಸಿನಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗಿ ಆಮ್ಲಜನಕದ ಕೊಳವೆಯೊಂದಿಗೆ ಮನೆಯಲ್ಲೇ ಹೆಚ್ಚು ಕಾಲ ಕಳೆಯಬೇಕಾದ ಈಕೆಗೆ ಆ ಬಳಗದ ಕೆಲವರು ಅಂತರ್ಜಾಲದಲ್ಲಿ ಆಪ್ತ ಗೆಳೆಯರಾದರು. ಅವರದೇ ಒಂದು ಪುಟ್ಟ ಗುಂಪು, ತಡರಾತ್ರಿಯವರೆಗೆ ನಡೆಯುವ ಮಾತುಕತೆ. ಜಾನ್ ಅವರನ್ನು ಆಕೆ ಕಂಡದ್ದು 2009ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಹ್ಯಾರಿ ಪಾಟರ್ ಅಭಿಮಾನಿಗಳ ಸಮಾವೇಶದಲ್ಲಿ. ತನ್ನ ಹುಟ್ಟುಹಬ್ಬದ ದಿನವಾದ ಆಗಸ್ಟ್ 3ನ್ನು ಬಳಗ ಹೇಗೆ ಆಚರಿಸಬೇಕೆಂದು ಕೇಳಿದಾಗ, ಮನೆಯವರಿಗೂ ಗೆಳೆಯರಿಗೂ ಪ್ರೀತಿಯ ಮಾತನ್ನು ಬಾಯಿಬಿಟ್ಟು ಹೇಳುವ ದಿನವಾಗಲಿ ಎಂದಳು. 2010ರ ಆಗಸ್ಟಿನಲ್ಲಿ, ಹದಿನಾರು ತುಂಬಿದ ಕೆಲವೇ ವಾರಗಳಲ್ಲಿ, ಆಕೆ ತೀರಿಕೊಂಡಳು. ಆ ದಿನವನ್ನು ಬಳಗ ಬಿಡದೆ ಆಚರಿಸಿಕೊಂಡು ಬಂದಿದೆ.

ಪ್ರಕರಣದ ದೃಷ್ಟಿಯಿಂದ ಇಲ್ಲಿ ಮುಖ್ಯವಾದದ್ದು ಅನುಪಾತ. ಒಬ್ಬ ಲೇಖಕರೊಂದಿಗೆ ಎಸ್ತರಳಿಗೆ ಸಿಕ್ಕ ಸಮಯ ಕೆಲವು ಗಂಟೆಗಳದ್ದಿರಬಹುದು. ಬಳಗದ ಗೆಳೆಯರೊಂದಿಗೆ ಸಿಕ್ಕದ್ದು ಅದರ ನೂರಾರು ಪಟ್ಟು. ಲೇಖಕರ ಸಂವಾದವನ್ನು ಏರ್ಪಡಿಸುವವರು ಸಾಮಾನ್ಯವಾಗಿ ಓದುಗನಿಂದ ಲೇಖಕರ ಕಡೆಗೆ ಹೋಗುವ ಗೆರೆಯನ್ನಷ್ಟೇ ಎಳೆಯುತ್ತಾರೆ. ಓದುಗನಿಂದ ಓದುಗನಿಗೆ ಹೋಗುವ ಗೆರೆಗೆ ಅವರ ಯೋಜನೆಯಲ್ಲಿ ಜಾಗವೇ ಇರುವುದಿಲ್ಲ.

2012ರ ಕಾದಂಬರಿ

'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಪ್ರಕಟವಾದ ಬಗೆ ಈ ಪ್ರಕರಣದ ಅತ್ಯಂತ ಶ್ರೀಮಂತ ಭಾಗ. ಕ್ಯಾನ್ಸರ್ ಪೀಡಿತ ಹೇಜಲ್ ಎಂಬ ಹುಡುಗಿಯ ಈ ಕಾದಂಬರಿಯನ್ನು ಜಾನ್ ಎಸ್ತರಳಿಗೆ ಅರ್ಪಿಸಿದರೂ ಹೇಜಲ್ ಎಂದರೆ ಎಸ್ತರ್ ಅಲ್ಲವೆಂದು ಪದೇ ಪದೇ ಹೇಳಿದ್ದಾರೆ. 2011ರ ಜೂನ್ ಕೊನೆಯಲ್ಲಿ ಪುಸ್ತಕದ ಹೆಸರನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ಮೊದಲ ಮುದ್ರಣದ ಪ್ರತಿಯೊಂದು ಪ್ರತಿಗೂ ಸಹಿ ಹಾಕುವುದಾಗಿ ಅವರು ಮಾತು ಕೊಟ್ಟರು. ಮುಂಗಡ ಬೇಡಿಕೆಗಳಿಂದಾಗಿ ಪುಸ್ತಕ ಅಮೆಜಾನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಅದು ಇನ್ನೂ ಅಚ್ಚಿಗೇ ಹೋಗಿರಲಿಲ್ಲ. ಮೊದಲ ಮುದ್ರಣ 1,50,000 ಪ್ರತಿಗಳೆಂದು ನಿಗದಿಯಾಯಿತು. ಕೊಟ್ಟ ಮಾತಿನ ತೂಕ ಆಗ ತಿಳಿದಿರಬೇಕು.

ಸಹಿ ಹಾಕಿದ್ದು ಪುಸ್ತಕದ ಮೇಲಲ್ಲ, ರಟ್ಟು ಕಟ್ಟುವ ಮುನ್ನ ಸೇರಿಸುವ ಬಿಡಿ ಹಾಳೆಗಳ ಮೇಲೆ. ಪೆಟ್ಟಿಗೆಗಟ್ಟಲೆ ಹಾಳೆಗಳು ಮನೆಗೆ ಬಂದವು. ಬಣ್ಣ ಬಣ್ಣದ ಶಾರ್ಪಿ ಪೆನ್ನುಗಳಲ್ಲಿ ಸಹಿ ಸಾಗಿತು. ಕೆಲವು ಹಾಳೆಗಳಲ್ಲಿ ಅವರ ಪತ್ನಿ ಬರೆದ ಹಿಮಮಾನವನ ಚಿತ್ರವೂ ಇನ್ನು ಕೆಲವದರಲ್ಲಿ ಹ್ಯಾಂಕ್ ಬರೆದ ಮೀನಿನ ಚಿತ್ರವೂ ಸೇರಿಕೊಂಡವು. ತಿಂಗಳುಗಟ್ಟಲೆ ನಡೆದ ಈ ದುಡಿಮೆಯನ್ನು ವಿಡಿಯೊಗಳಲ್ಲಿ ಓದುಗರು ನೋಡುತ್ತಲೇ ಇದ್ದರು. ಕೈ ಸೋತು ಸಹಿ ಬರುಬರುತ್ತಾ ಒಂದು ಗೀಟಿನಂತಾದದ್ದು ಅವರಿಗೆ ಗೊತ್ತಿತ್ತು, ಆದ್ದರಿಂದ ತಮ್ಮ ಪ್ರತಿಯಲ್ಲಿದ್ದ ಗೀಟು ಅವರಿಗೆ ಅವಮಾನವೆನಿಸಲಿಲ್ಲ. ಮಾರಾಟದ ತಂತ್ರವೆಂದು ಇದನ್ನು ಕರೆಯುವವರಿದ್ದಾರೆ, ಅದು ಸುಳ್ಳೂ ಅಲ್ಲ. ಆದರೆ ಪುಸ್ತಕವೊಂದು ಸಿದ್ಧವಾಗುವ ಹಾದಿಯಲ್ಲಿ ಕಾಗದ, ಮುದ್ರಣ, ರಟ್ಟು, ಸಾಗಣೆ ಎಂಬ ಇಷ್ಟೆಲ್ಲ ಇದೆಯೆಂದು ಹದಿಹರೆಯದ ಓದುಗರು ಕಂಡುಕೊಂಡದ್ದೂ ಇದರಿಂದಲೇ.

2012ರ ಜನವರಿ 10 ಬಿಡುಗಡೆಯ ದಿನ. ಅದಕ್ಕೆ ಮೂರು ವಾರದಷ್ಟು ಮುಂಚೆ, ಡಿಸೆಂಬರಿನಲ್ಲಿ, ದೊಡ್ಡ ಪುಸ್ತಕ ಮಾರಾಟ ಸಂಸ್ಥೆಯೊಂದರಿಂದ ಸುಮಾರು 1,500 ಪ್ರತಿಗಳು ಕಣ್ತಪ್ಪಿನಿಂದ ಓದುಗರಿಗೆ ರವಾನೆಯಾದವು. ಕಥೆಯ ತಿರುವು ಬಯಲಾದರೆ ಕಾಯುತ್ತಿದ್ದ ಲಕ್ಷಾಂತರ ಓದುಗರ ಅನುಭವ ಕೆಡುವುದು ಖಚಿತವಿತ್ತು. ಕಾನೂನಿನ ಬೆದರಿಕೆಯಿಂದ ಸಾವಿರಾರು ಮನೆಗಳ ಬಾಯಿ ಮುಚ್ಚಿಸಲಾಗದು. ಪ್ರತಿ ಸಿಕ್ಕವರು ಓದಬಹುದು, ಆದರೆ ಒಳಗಿನ ಸಂಗತಿಯನ್ನು ಯಾರಿಗೂ ಬಿಟ್ಟುಕೊಡಬೇಡಿ ಎಂದು ಜಾನ್ ಕೇಳಿಕೊಂಡರು. ಬಹುಪಾಲು ಓದುಗರು ಹಾಗೆಯೇ ನಡೆದುಕೊಂಡರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯುತ್ತಮ ಪುರಾವೆ ಇದು. ಐದು ವರ್ಷಗಳ ನಿಯತ ಒಡನಾಟದಿಂದ ಕೂಡಿಟ್ಟ ವಿಶ್ವಾಸವನ್ನು ಒಂದೇ ಸಲ ಖರ್ಚು ಮಾಡಬೇಕಾಗಿ ಬಂತು, ಅದು ಸಾಕಾಯಿತು. ಮಾತನಾಡದಿರುವುದೂ ಇಲ್ಲಿ ಒಂದು ಸಾಮೂಹಿಕ ಕೆಲಸವಾಗಿತ್ತೆಂಬುದನ್ನು ಗಮನಿಸಬೇಕು.

ಓದಿ ಮುಗಿಸಿದವರ ಪ್ರಶ್ನೆಗಳಿಗೆಂದೇ ಜಾನ್ ಟಂಬ್ಲರ್ ಎಂಬ ಬ್ಲಾಗ್ ತಾಣದಲ್ಲಿ ಪ್ರತ್ಯೇಕವಾದ ಪುಟವೊಂದನ್ನು ತೆರೆದರು. ಪುಸ್ತಕ ಮುಗಿಸಿದವರು ಮಾತ್ರ ಇಲ್ಲಿಗೆ ಬನ್ನಿ ಎಂಬ ಸೂಚನೆ ಅದರ ವಿಳಾಸದಲ್ಲೇ ಇತ್ತು. ವಾಕ್ಯವೊಂದರ ರಚನೆ, ರೂಪಕವೊಂದರ ಉದ್ದೇಶ, ಪಾತ್ರದ ಹೆಸರಿನ ಮೂಲ ಮುಂತಾದ ಪ್ರಶ್ನೆಗಳಿಗೆ ಅಲ್ಲಿ ಗಂಭೀರವಾದ, ಕೆಲವೊಮ್ಮೆ ದೀರ್ಘವಾದ ಉತ್ತರಗಳು ಬಂದವು. ಆದರೆ ಅತಿ ಹೆಚ್ಚು ಓದುಗರು ಕೇಳಿದ ಪ್ರಶ್ನೆಗೆ, ಅಂದರೆ ಕಥೆ ಮುಗಿದ ಮೇಲೆ ಪಾತ್ರಗಳಿಗೆ ಏನಾಯಿತೆಂಬುದಕ್ಕೆ, ಉತ್ತರ ಕೊಡಲು ಅವರು ಒಪ್ಪಲಿಲ್ಲ. ಪುಸ್ತಕ ಹೊರಬಿದ್ದ ಮೇಲೆ ಅದು ಓದುಗರ ಸ್ವತ್ತು, ಪುಟಗಳಾಚೆಗಿನ ಸಂಗತಿಯಲ್ಲಿ ಲೇಖಕರ ಊಹೆಗೂ ಓದುಗರ ಊಹೆಗೂ ಒಂದೇ ಬೆಲೆ ಎಂಬುದು ಅವರ ನಿಲುವು.

ಈ ನಿರಾಕರಣೆಯ ಸೊಗಸು ಕಾದಂಬರಿಯನ್ನು ಓದಿದವರಿಗೆ ಇನ್ನಷ್ಟು ತಿಳಿಯುತ್ತದೆ. ಹೇಜಲ್ ತನ್ನ ಮೆಚ್ಚಿನ ಕಾದಂಬರಿ ವಾಕ್ಯದ ನಡುವೆಯೇ ನಿಂತುಹೋಗಿರುವುದರಿಂದ, ಮುಂದೇನಾಯಿತೆಂದು ಕೇಳಲು ಅದರ ಲೇಖಕನಿಗೆ ಪತ್ರದ ಮೇಲೆ ಪತ್ರ ಬರೆದು, ಕೊನೆಗೆ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಅವನ ಬಾಗಿಲು ತಟ್ಟುತ್ತಾಳೆ. ಒಳಗಿರುವುದು ಕುಡುಕ, ಕಟುಭಾಷಿ. ಅವನು ಉತ್ತರ ಕೊಡುವುದಿಲ್ಲ, ಅವಮಾನಿಸಿ ಕಳಿಸುತ್ತಾನೆ. ಓದುಗರೊಂದಿಗೆ ದಿನನಿತ್ಯ ಮಾತನಾಡುತ್ತಿದ್ದ ಲೇಖಕರು ಬರೆದದ್ದು ಲೇಖಕನನ್ನು ಕಂಡು ನಿರಾಶಳಾಗುವ ಓದುಗಳ ಕಥೆ! ಲೇಖಕನನ್ನು ಕಾಣುವುದರಿಂದ ಪುಸ್ತಕ ಹೆಚ್ಚು ಅರ್ಥವಾಗುತ್ತದೆಂಬ ನಂಬಿಕೆಯನ್ನು ಅವರು ತಮ್ಮ ಕೃತಿಯೊಳಗೇ ಪ್ರಶ್ನಿಸಿದರು. ಅಂತರ್ಜಾಲದಲ್ಲಿ ಅದೇ ನಿಲುವನ್ನು ಸೌಜನ್ಯದಿಂದ ಪಾಲಿಸಿದರು. ತರಗತಿಯಲ್ಲಿ ಸಾಹಿತ್ಯ ಕಲಿಸುವವರಿಗೆ ಈ ನಿಲುವು ಬಹಳ ಉಪಯುಕ್ತ: ಲೇಖಕರ ಬಾಯಿಂದ 'ಸರಿ ಉತ್ತರ' ಬಂದುಬಿಟ್ಟರೆ ವಿದ್ಯಾರ್ಥಿಗಳ ಚರ್ಚೆ ಅಲ್ಲಿಗೇ ಸತ್ತುಹೋಗುತ್ತದೆ.

ಬಳಗ ದೊಡ್ಡದಾದ ಮೇಲೆ

2013ರ ಜನವರಿಯಲ್ಲಿ ಸಹೋದರರು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಓದುಗರ ಸಂಜೆ ನಡೆಸಿದರು. 2014ರಲ್ಲಿ ಕಾದಂಬರಿ ಚಲನಚಿತ್ರವಾಯಿತು. ಚಿತ್ರಮಂದಿರದಿಂದ ಬಂದ ಹೊಸ ಅಭಿಮಾನಿಗಳಿಗೆ 2007ರ ದಂಡಗಳ, ಹರಟೆಗಳ, ಒಪ್ಪಂದಗಳ ಪರಿಚಯವಿರಲಿಲ್ಲ. ಅವರ ಪಾಲಿಗೆ ಜಾನ್ ಒಬ್ಬ ಪ್ರಖ್ಯಾತ ವ್ಯಕ್ತಿ. ಟಂಬ್ಲರ್ ಎಂದರೆ ಆ ವ್ಯಕ್ತಿ ಕೈಗೆಟಕುವ ಜಾಗ. ಇಷ್ಟು ಮಂದಿಗೆ ಒಬ್ಬರೇ ಉತ್ತರಿಸುವುದು ಅಸಾಧ್ಯ, ಉತ್ತರಿಸಿದಂತೆ ತೋರುವುದು ಮಾತ್ರ ಸಾಧ್ಯ.

ಆ ವರ್ಷವೇ ಹೆಚ್ಚು ಕಠಿಣವಾದ ಸಂಗತಿಯೂ ಬಯಲಿಗೆ ಬಂತು. ಬಳಗದ ಅಂಚಿನಲ್ಲಿ ಬೆಳೆದಿದ್ದ ಕೆಲವು ಯೂಟ್ಯೂಬ್ ಸಂಗೀತಗಾರರ ಮೇಲೆ, ಎಳೆಯ ಅಭಿಮಾನಿಗಳೊಂದಿಗೆ ಲೈಂಗಿಕ ದುರ್ನಡತೆಯ ಆರೋಪಗಳು ಬಂದವು. ಹ್ಯಾಂಕ್ 2008ರಲ್ಲಿ ಜೊತೆಗೂಡಿ ಸ್ಥಾಪಿಸಿದ್ದ ಧ್ವನಿಮುದ್ರಣ ಸಂಸ್ಥೆ ಅಂಥವರೊಂದಿಗೆ ಸಂಬಂಧ ಕಡಿದುಕೊಂಡಿತು. ಜಾನ್ ಮೇಲೆ ಅಂಥ ಆರೋಪವಿರಲಿಲ್ಲ. ಆದರೆ ವಯಸ್ಕರೂ ಹದಿಹರೆಯದವರೂ ಗೆಳೆಯರಂತೆ ಬೆರೆಯುವ ಜಾಗದಲ್ಲಿ, ಖಾಸಗಿ ಸಂದೇಶದ ಕಿಂಡಿ ತೆರೆದಿದ್ದರೆ, ಪ್ರಸಿದ್ಧಿಯೇ ಒಂದು ಬಲವಾಗಿ ದುರುಪಯೋಗವಾಗಬಲ್ಲದೆಂಬುದನ್ನು ಅದು ತೋರಿಸಿತು. ಸಾಮೀಪ್ಯವೆಂಬುದು ತಾನಾಗಿಯೇ ಒಳ್ಳೆಯದೆಂದು ನಂಬಿದ್ದವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿರಲಿಲ್ಲ.

2015ರಲ್ಲಿ ಟಂಬ್ಲರಿನಲ್ಲಿ ಜಾನ್ ಅವರೇ ಗುರಿಯಾದರು. ಮಧ್ಯವಯಸ್ಸಿನ ಗಂಡಸು ಹದಿಹರೆಯದ ಹುಡುಗಿಯರ ನಡುವೆ ಏಕೆ ಓಡಾಡುತ್ತಾನೆ ಎಂಬ ಧಾಟಿಯ ಬರಹವೊಂದು ಹರಡಿತು. ಅವರು ನೊಂದು ಸ್ಪಷ್ಟನೆ ಕೊಟ್ಟರು. ಇದರ ಜೊತೆಗೆ ತಾಂತ್ರಿಕ ವ್ಯವಸ್ಥೆಯೂ ಕೈಕೊಟ್ಟಿತು: ಇನ್ನೊಬ್ಬರ ಬರಹವನ್ನು ಮರುಹಂಚುವಾಗ ಅದರ ಮೂಲ ಪಠ್ಯವನ್ನೇ ತಿದ್ದಲು ಆಗ ಟಂಬ್ಲರಿನಲ್ಲಿ ಅವಕಾಶವಿತ್ತು, ಆದ್ದರಿಂದ ಅವರು ಬರೆಯದ ಅಶ್ಲೀಲ ಮಾತುಗಳು ಅವರ ಹೆಸರಿನಡಿಯಲ್ಲೇ ಸುತ್ತಾಡಿದವು. ಅದೇ ವರ್ಷ ಆ ಸೌಲಭ್ಯವನ್ನು ಸಂಸ್ಥೆ ತೆಗೆದುಹಾಕಿತಾದರೂ ಜಾನ್ ಅಷ್ಟರಲ್ಲಿ ಅಲ್ಲಿಂದ ಬಹುಮಟ್ಟಿಗೆ ಹಿಂದೆ ಸರಿದಿದ್ದರು. ಮೊದಲ ವರ್ಷದ ಕಟ್ಟುಪಾಡು ಮುಗಿದ ಮೇಲೂ ಹ್ಯಾಂಕ್‌ಗೆಂದು ಅವರು ಮಾಡುತ್ತಿದ್ದ ಮಂಗಳವಾರದ ವಿಡಿಯೊ ಮಾತ್ರ ನಿಲ್ಲಲಿಲ್ಲ. ತಮ್ಮನಿಗೆ ಹೇಳುವ ಮಾತಿನ ರೂಪದ ಆ ಹಳೆಯ ಏರ್ಪಾಡು ಉಳಿದುಕೊಂಡು, ಪ್ರತಿಯೊಬ್ಬ ಅಪರಿಚಿತನಿಗೂ ನೇರವಾಗಿ ತೆರೆದಿದ್ದ ಏರ್ಪಾಡು ಕುಸಿದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

2018ರಲ್ಲಿ ಅವರು ಸಹೋದ್ಯೋಗಿಯೊಬ್ಬರೊಂದಿಗೆ 'ಲೈಫ್ಸ್ ಲೈಬ್ರರಿ' ಎಂಬ ಓದುಗ ಕೂಟವನ್ನು ಆರಂಭಿಸಿದಾಗ ಈ ಪಾಠಗಳೆಲ್ಲ ಅದರ ವಿನ್ಯಾಸದಲ್ಲಿ ಕಂಡವು. ಎಲ್ಲರೂ ಒಂದೇ ಕಾಲದಲ್ಲಿ ಓದಲು ಒಂದು ಪುಸ್ತಕ, ಅದೂ ಇತರರು ಬರೆದದ್ದು. ಚರ್ಚೆಗೆ ಡಿಸ್ಕಾರ್ಡ್ ಎಂಬ ಅಂತರ್ಜಾಲ ಮಾತುಕತೆಯ ತಾಣದಲ್ಲಿ ಸಣ್ಣ ಸಣ್ಣ ಗುಂಪುಗಳು. ಬಂದ ಲಾಭ 'ಪಾರ್ಟ್ನರ್ಸ್ ಇನ್ ಹೆಲ್ತ್' ಎಂಬ ಆರೋಗ್ಯ ಸೇವಾ ಸಂಸ್ಥೆಗೆ. ಅಲ್ಲಿ ಜಾನ್ ಸ್ವತಃ ಒಬ್ಬ ಓದುಗರು.

ಹೋಲಿಕೆಗೆ ಇನ್ನೊಂದು ಪ್ರಯೋಗವನ್ನು ಸಂಕ್ಷೇಪವಾಗಿ ಹೇಳಬೇಕು. 'ಬ್ರದರ್‌ಹುಡ್ 2.0' ಶುರುವಾದ 2007ರಲ್ಲೇ ಅಮೆರಿಕದ ನಾಲ್ವರು ಲೇಖಕಿಯರು ಹದಿಹರೆಯದ ಹುಡುಗಿಯರಿಗಾಗಿ 'ರೀಡರ್‌ಗರ್ಲ್ಸ್' ಎಂಬ ಕೂಟವನ್ನು ಕಟ್ಟಿದರು. ತಿಂಗಳಿಗೊಂದು ಪುಸ್ತಕ, ಅದರ ಲೇಖಕರೊಂದಿಗೆ ನಿಗದಿತ ಹೊತ್ತಿನಲ್ಲಿ ನೇರ ಬರಹ ಸಂವಾದ, ಪುಸ್ತಕದ ವಿಷಯಕ್ಕೆ ಹೊಂದುವ ಒಂದು ಸಮಾಜಸೇವೆಯ ಕೆಲಸ, ಇಷ್ಟು ಅದರ ಚೌಕಟ್ಟು. 2008ರ ಏಪ್ರಿಲಿನಲ್ಲಿ ಮಕ್ಕಳ ಆಸ್ಪತ್ರೆಗಳ ಹದಿಹರೆಯದ ರೋಗಿಗಳಿಗೆ 10,000 ಪುಸ್ತಕಗಳನ್ನು ತಲುಪಿಸುವ ಕಾರ್ಯಕ್ಕೆ ಅವರು ಮುಂದಾದರು. 2009ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಫೌಂಡೇಶನ್ ಅವರಿಗೆ ಓದಿನ ನವೀನ ಪ್ರಯೋಗಗಳಿಗೆ ಮೀಸಲಾದ ಬಹುಮಾನ ನೀಡಿತು. ಒಬ್ಬರ ವರ್ಚಸ್ಸನ್ನು ನೆಚ್ಚದೆ ಹೊರೆಯನ್ನು ಹಲವರು ಹಂಚಿಕೊಂಡದ್ದರಿಂದ ಇಲ್ಲಿ ಯಾರೂ ವಿಗ್ರಹವಾಗಲಿಲ್ಲ. ಶಾಲೆಗಳು ಅನುಸರಿಸಲು ಹೆಚ್ಚು ಸುಲಭವಾದದ್ದು ಈ ಮಾದರಿಯೇ.

ಕನ್ನಡದ ತರಗತಿಗೆ ಬಂದರೆ

ಮಕ್ಕಳು ಕೇಳುವುದು, ಲೇಖಕರು ಉತ್ತರಿಸುವುದು ನಮಗೆ ಹೊಸದೇನಲ್ಲ. 'ತರಂಗ' ವಾರಪತ್ರಿಕೆಯ 'ಬಾಲವನದಲ್ಲಿ ಕಾರಂತಜ್ಜ' ಅಂಕಣದಲ್ಲಿ ಶಿವರಾಮ ಕಾರಂತರು ಮಕ್ಕಳ ಪ್ರಶ್ನೆಗಳಿಗೆ ತಮ್ಮ ಎಂದಿನ ನೇರ ಧಾಟಿಯಲ್ಲೇ ಉತ್ತರಿಸುತ್ತಿದ್ದರು. ಪತ್ರಿಕೆಯ ಸಂಪಾದಕರು ನಡುವೆ ಇರುತ್ತಿದ್ದರು, ಪ್ರಶ್ನೆಗೂ ಉತ್ತರಕ್ಕೂ ನಡುವೆ ಕಾಲ ಸರಿಯುತ್ತಿತ್ತು, ಒಬ್ಬ ಮಗುವಿಗೆ ಕೊಟ್ಟ ಉತ್ತರವನ್ನು ನಾಡಿನ ಮಕ್ಕಳೆಲ್ಲ ಓದುತ್ತಿದ್ದರು. ಆ ನಿಧಾನವನ್ನು ಕೊರತೆಯೆಂದು ಎಣಿಸಬೇಕಿಲ್ಲ. ಮೇಲಿನ ಪ್ರಕರಣದಲ್ಲಿ ಬಾಳಿಕೆ ಬಂದ ಏರ್ಪಾಡುಗಳಲ್ಲೂ ಇವೇ ಲಕ್ಷಣಗಳು ಕಾಣುತ್ತವೆ.

ಇಂದು ಪ್ರೌಢಶಾಲೆಯೊಂದು ಇಂಥ ಕೆಲಸಕ್ಕೆ ಕೈಹಾಕುವುದಾದರೆ ಕಾನೂನಿನ ಅಂಶವನ್ನು ಮೊದಲು ನೋಡಬೇಕು. ಅಮೆರಿಕದಲ್ಲಿ 1998ರ ಕಾಯಿದೆ ಹದಿಮೂರರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟರೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಹಾಗಾಗಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳ ಮೊಬೈಲ್ ಸಂಖ್ಯೆಗಳನ್ನೆಲ್ಲ ಲೇಖಕರಿರುವ ವಾಟ್ಸಾಪ್ ಗುಂಪಿಗೆ ಸೇರಿಸಿಬಿಡುವ ರೂಢಿ ಯಾವ ದೃಷ್ಟಿಯಿಂದಲೂ ಒಳ್ಳೆಯದಲ್ಲ. ಅಧ್ಯಾಪಕರ ಅಥವಾ ಗ್ರಂಥಾಲಯದ ಒಂದೇ ಖಾತೆಯಿಂದ ಪ್ರಶ್ನೆಗಳು ಹೋಗಲಿ, ಉತ್ತರವೂ ಅಲ್ಲಿಗೇ ಬರಲಿ. ವಿದ್ಯಾರ್ಥಿ ಮತ್ತು ಲೇಖಕರ ನಡುವೆ ಖಾಸಗಿ ಸಂದೇಶದ ದಾರಿ ಇರಬಾರದು. ಡಿಪ್ಯೂ ಶಾಲೆಯ ಅಧ್ಯಾಪಕರಂತೆ ಪೋಷಕರಿಗೆ ಪುಸ್ತಕದ ವಿವರವನ್ನು ಬರೆದು ತಿಳಿಸಿ ಸಹಿ ಪಡೆದಿಟ್ಟುಕೊಂಡರೆ ಮುಂದೆ ತಕರಾರು ಬಂದಾಗ ಆಸರೆಯಾಗುತ್ತದೆ.

ಪುಸ್ತಕವನ್ನು ಓದಿ ಮುಗಿಸುವ ಮೊದಲು ಲೇಖಕರನ್ನು ಪರದೆಯ ಮೇಲೆ ಕರೆತರುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. 'ನಿಮಗೆ ಬರೆಯಲು ಸ್ಫೂರ್ತಿ ಯಾರು' ಎಂಬ ಪ್ರಶ್ನೆಯಿಂದ ಆರಂಭವಾಗಿ ಅಲ್ಲೇ ಮುಗಿಯುವ ಸಂವಾದಗಳಿಗೆ ಕಾರಣ ಇದೇ. ತರಗತಿಯನ್ನು ಐದಾರು ಗುಂಪುಗಳಾಗಿ ಮಾಡಿ, ಪ್ರತಿ ಗುಂಪೂ ತನ್ನ ಪ್ರಶ್ನೆಗಳನ್ನು ಪುಟಸಂಖ್ಯೆಯೊಂದಿಗೆ ಬರೆದು, ಪುಸ್ತಕದಲ್ಲೇ ಉತ್ತರವಿರುವ ಪ್ರಶ್ನೆಗಳನ್ನು ತಾವೇ ಹೊಡೆದುಹಾಕಲಿ. ಉಳಿದವು ಲೇಖಕರಿಗೆ ಹೋಗಲಿ. ಬೇಕಾದದ್ದಕ್ಕೆ ಮಾತ್ರ ಉತ್ತರಿಸುವ ಹಕ್ಕು ತಮಗಿದೆಯೆಂದು ಅವರಿಗೆ ಮೊದಲೇ ತಿಳಿಸಿರಬೇಕು. ಅವರು ಉತ್ತರಿಸದೆ ಬಿಟ್ಟ ಪ್ರಶ್ನೆಗಳನ್ನು ಮುಂದಿನ ವಾರದ ತರಗತಿಯ ಚರ್ಚೆಗೆ ಎತ್ತಿಡಬಹುದು.